ಬಲೆಯ ಕಣ್ಣು ಎಷ್ಟೇ ಸಣ್ಣದಾದರೂ: ರಿಲೇಟಿವ್ಲಿ ಕಾಂಪ್ಯಾಕ್ಟ್ ಗಣ ಎಂದರೇನು?

ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ನಮ್ಮ ಕರಾವಳಿಯಲ್ಲಿ ಯಾಂತ್ರೀಕೃತ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಮಲ್ಪೆಯ ದಕ್ಕೆಯಲ್ಲಿ ದೋಣಿಗಳು ಒಂದಕ್ಕೊಂದು ಒತ್ತಿ ನಿಂತಿರುತ್ತವೆ, ಶೆಡ್ಡುಗಳ ಕೆಳಗೆ ಬಲೆ ರಿಪೇರಿ ನಡೆಯುತ್ತದೆ. ಕಳೆದ ಜುಲೈನ ಒಂದು ಭಾನುವಾರ ನನ್ನ ಅಣ್ಣ ಹಾಗೆಯೇ ಕುಳಿತು, ಬಲೆಯ ಒಂದು ಕಣ್ಣನ್ನು ಕಾಲಿನ ಹೆಬ್ಬೆರಳಿಗೆ ಸಿಕ್ಕಿಸಿ ಎಳೆದು ಹಿಡಿದು, ಹರಿದ ಜಾಗಕ್ಕೆ ನೈಲಾನ್ ದಾರದಿಂದ ಗಂಟು ಹಾಕುತ್ತಿದ್ದ. ಪಕ್ಕದಲ್ಲಿ ಅವನ ಮಗಳು ನೋಟ್ ಪುಸ್ತಕ ಬಿಚ್ಚಿಕೊಂಡಿದ್ದಳು. ಅವಳು ಕೊಣಾಜೆಯಲ್ಲಿ ಎಂಎಸ್ಸಿ ಗಣಿತ ಓದುತ್ತಿದ್ದಾಳೆ. ನಾನು ಪಿಯು ಕಾಲೇಜಿನಲ್ಲಿ ಅದೇ ವಿಷಯ ಪಾಠ ಮಾಡುವವನು.

“ಚಿಕ್ಕಪ್ಪ, ಒಂದು ಗಣ ಬೇಲಿಯೊಳಗೆ ಇದೆ, ಒಂದು ಮಿತಿ ದಾಟಿ ಹರಡಿಲ್ಲ ಅಂದರೆ ಸಾಲದೇ? ಅದು ರಿಲೇಟಿವ್ಲಿ ಕಾಂಪ್ಯಾಕ್ಟ್ ಕೂಡ ಆಗಿರಬೇಕು ಎಂದು ಏಕೆ ಕೇಳುತ್ತಾರೆ?” ಎಂದಳು.

ಅಣ್ಣ ಗಂಟಿನಿಂದ ಕಣ್ಣು ತೆಗೆಯದೆ ಕೇಳಿದ: “ಆ ಗಣದಲ್ಲಿ ಎಷ್ಟು ಇರುತ್ತದೆ?”

“ಅನಂತ, ಅಪ್ಪ.”

“ಅನಂತವನ್ನು ಹಿಡಿಯುವುದು ಹೇಗೆ?”

ಅಣ್ಣನ ಪ್ರಶ್ನೆಯಲ್ಲೇ ಅವಳ ಪ್ರಶ್ನೆಗೆ ಉತ್ತರವೂ ಇತ್ತು. ಅನಂತ ಸಂಖ್ಯೆಯ ವಸ್ತುಗಳನ್ನು ಎಣಿಸಬಹುದಾದಷ್ಟು, ಅಂದರೆ ಎಣಿಸಿ ಮುಗಿಸಬಹುದಾದಷ್ಟು, ಗಂಟುಗಳಿಂದ ಹಿಡಿಯಲು ಬರುತ್ತದೆಯೇ ಎಂಬುದನ್ನೇ ಈ ಪರಿಕಲ್ಪನೆ ಕೇಳುತ್ತದೆ. ಸ್ನಾತಕೋತ್ತರ ಗಣಿತಕ್ಕೆ ಕಾಲಿಟ್ಟ ಪ್ರತಿ ವಿದ್ಯಾರ್ಥಿಯೂ ಇಲ್ಲಿ ಒಮ್ಮೆ ಎಡವುತ್ತಾನೆ. ಪದವಿಯಲ್ಲಿ ಕಲಿತ ಒಂದು ನಂಬಿಕೆ ಇಲ್ಲಿ ಮುರಿಯುವುದೇ ಅದಕ್ಕೆ ಕಾರಣ. ಬುಡದಿಂದಲೇ ನೋಡೋಣ.

## ಹೆದ್ದಾರಿಯ ಮೇಲೆ ಅನಂತ ಗುರುತುಗಳು

ಗಣ ಎಂದರೆ ಒಂದು ಗುಂಪು. ಅದರಲ್ಲಿ ಇರುವುದನ್ನು ಬಿಂದು ಎನ್ನುತ್ತೇವೆ. ಎರಡು ಬಿಂದುಗಳ ನಡುವೆ ದೂರ ಅಳೆಯಲು ಬಂದರೆ ಸಾಕು, ನಮ್ಮ ಕೆಲಸ ಶುರುವಾಗುತ್ತದೆ.

ಮಂಗಳೂರಿನಿಂದ ಉಡುಪಿಗೆ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಸುಮಾರು 55 ಕಿಲೋಮೀಟರ್. ಈ ದಾರಿಯ ಮೇಲೆ ಯಾರೋ ಸುಣ್ಣದಿಂದ ಅನಂತ ಗುರುತುಗಳನ್ನು ಹಾಕಿದ್ದಾರೆ ಎಂದುಕೊಳ್ಳಿ. ಅವು ಎಲ್ಲೆಲ್ಲಿವೆ ಎಂಬುದು ನಮಗೆ ಗೊತ್ತಿಲ್ಲ. ಆದರೂ ಒಂದು ಮಾತನ್ನು ಖಚಿತವಾಗಿ ಹೇಳಬಹುದು: ಅವು ಎಲ್ಲೋ ಒಂದು ಕಡೆ ಕಿಕ್ಕಿರಿದೇ ಇರುತ್ತವೆ.

ಹೇಗೆ? ದಾರಿಯನ್ನು ಹೆಚ್ಚುಕಡಿಮೆ ನಡುವಿನಲ್ಲಿರುವ ಮೂಲ್ಕಿಯ ಬಳಿ ಎರಡು ಭಾಗ ಮಾಡಿ. ಎರಡೂ ಭಾಗಗಳಲ್ಲಿ ಎಣಿಸಬಹುದಾದಷ್ಟೇ ಗುರುತುಗಳಿದ್ದರೆ ಒಟ್ಟು ಕೂಡ ಎಣಿಕೆಗೆ ಸಿಗುತ್ತಿತ್ತು. ಹಾಗಾಗಿ ಕನಿಷ್ಠ ಒಂದು ಭಾಗದಲ್ಲಿ ಅನಂತ ಗುರುತುಗಳಿವೆ. ಅದು ಮಂಗಳೂರಿನ ಕಡೆಯದಾದರೆ ಅದನ್ನು ಸುರತ್ಕಲ್ಲಿನ ಹತ್ತಿರ ಮತ್ತೆ ಅರ್ಧ ಮಾಡಿ. ಪುನಃ ಒಂದು ಅರ್ಧದಲ್ಲಿ ಅನಂತ. ಹತ್ತು ಸಲ ಹೀಗೆ ಮಾಡಿದರೆ ಕೈಯಲ್ಲಿ ಉಳಿಯುವ ತುಂಡು ಸುಮಾರು 54 ಮೀಟರ್. ಇಪ್ಪತ್ತು ಸಲ ಮಾಡಿದರೆ ಸುಮಾರು 5 ಸೆಂಟಿಮೀಟರ್, ಅಂಗೈಯಲ್ಲಿ ಮುಚ್ಚಬಹುದಾದಷ್ಟು. ಅದರೊಳಗೂ ಅನಂತ ಗುರುತುಗಳಿವೆ! ಈ ತುಂಡುಗಳು ಒಂದರೊಳಗೊಂದು ಕುಗ್ಗುತ್ತ ಹೋಗಿ ಕಡೆಗೆ ಒಂದೇ ಬಿಂದುವಿನ ಸುತ್ತ ಬಿಗಿಯುತ್ತವೆ. ಆ ಬಿಂದುವಿಗೆ ಎಷ್ಟು ಹತ್ತಿರ ಹೋದರೂ ಗುರುತುಗಳು ತೀರುವುದಿಲ್ಲ. ಅದನ್ನು ಇಲ್ಲಿ ಗುಂಪುಬಿಂದು ಎಂದು ಕರೆಯುತ್ತೇನೆ.

ಪ್ರಾಗ್‌ನ ಬರ್ನಾರ್ಡ್ ಬೊಲ್ಝಾನೊ 1817ರಲ್ಲಿ ಬರೆದ ಪ್ರಬಂಧವೊಂದರಲ್ಲಿ ಈ ಉಪಾಯದ ಬೀಜವಿದೆ. ಮುಂದೆ ಬರ್ಲಿನ್ನಿನ ಕಾರ್ಲ್ ವೈಯರ್‌ಸ್ಟ್ರಾಸ್ ಅದಕ್ಕೆ ಗಟ್ಟಿ ರೂಪ ಕೊಟ್ಟರು. ಇಬ್ಬರ ಹೆಸರನ್ನೂ ಸೇರಿಸಿ ಇಂದು ಬೊಲ್ಝಾನೊ–ವೈಯರ್‌ಸ್ಟ್ರಾಸ್ ಪ್ರಮೇಯ ಎನ್ನುತ್ತಾರೆ.

## ದ್ವೀಪ ಮತ್ತು ಅದರ ನೀರಂಚು

ಒಂದು ಗಣದಿಂದ ಅನಂತ ಬಿಂದುಗಳನ್ನು ಹೇಗೇ ಆರಿಸಿದರೂ ಅವುಗಳಿಗೆ ಒಂದು ಗುಂಪುಬಿಂದು ಇರಬೇಕು, ಆ ಗುಂಪುಬಿಂದು ಅದೇ ಗಣದೊಳಗೇ ಇರಬೇಕು. ಈ ಎರಡೂ ಸರಿಬಂದರೆ ಆ ಗಣ ಕಾಂಪ್ಯಾಕ್ಟ್. ಕನ್ನಡದಲ್ಲಿ ಅಡಕ ಎನ್ನಬಹುದು. ಮೊದಲನೆಯದು ಸರಿಬಂದು ಎರಡನೆಯದು ತಪ್ಪಿದರೆ? ಗುಂಪುಬಿಂದು ಇದೆ, ಆದರೆ ಗಣದ ಹೊರಗೆ ನಿಂತಿದೆ. ರಿಲೇಟಿವ್ಲಿ ಕಾಂಪ್ಯಾಕ್ಟ್ ಎಂಬ ಹೆಸರು ಹುಟ್ಟಿದ್ದು ಇಂತಹ ಗಣಗಳಿಗೂ ಜಾಗ ಕೊಡುವುದಕ್ಕಾಗಿ.

ಮಲ್ಪೆಯಿಂದ ದೋಣಿಯಲ್ಲಿ ಹೋಗಿ ಸೇಂಟ್ ಮೇರೀಸ್ ದ್ವೀಪ ನೋಡಿದವರಿಗೆ ಇದು ಬೇಗ ಹೊಳೆಯುತ್ತದೆ. ದ್ವೀಪದ ಒಣನೆಲ ಮಾತ್ರ ನಮ್ಮ ಗಣ, ನೀರು ತಾಗುವ ಗೆರೆ ಅದಕ್ಕೆ ಸೇರಿಲ್ಲ ಎಂದುಕೊಳ್ಳಿ. ಅಂಚಿನಿಂದ ಒಂದು ಮೀಟರ್ ದೂರದಲ್ಲಿ ಹೆಜ್ಜೆ ಇಡಿ, ಆಮೇಲೆ ಅರ್ಧ ಮೀಟರ್, ಮೂರನೇ ಒಂದು, ನಾಲ್ಕನೇ ಒಂದು. ಪ್ರತಿ ಹೆಜ್ಜೆಯೂ ಒಣನೆಲದ ಮೇಲೆಯೇ ಇದೆ. ಆದರೆ ಅವೆಲ್ಲ ಕಿಕ್ಕಿರಿಯುವ ಬಿಂದು ನೀರಂಚಿನಲ್ಲಿದೆ, ಅಂದರೆ ಗಣದ ಹೊರಗೆ. ಹಾಗಾಗಿ ಒಣನೆಲ ಅಡಕವಲ್ಲ. ನೀರಂಚನ್ನೂ ಗಣಕ್ಕೆ ಸೇರಿಸಿಬಿಟ್ಟರೆ ಅಡಕವಾಗುತ್ತದೆ.

ಹೀಗೆ ಕಿಕ್ಕಿರಿಯುವ ಬಿಂದುಗಳನ್ನೆಲ್ಲ ಒಳಗೆ ಸೇರಿಸಿಕೊಂಡಾಗ ಸಿಗುವ ಗಣಕ್ಕೆ ಕ್ಲೋಷರ್ ಎನ್ನುತ್ತಾರೆ, ಸಂವೃತಿ ಎನ್ನೋಣ. ಈಗ ವ್ಯಾಖ್ಯೆ ಒಂದೇ ಸಾಲು: ಯಾವ ಗಣದ ಸಂವೃತಿ ಅಡಕವೋ ಆ ಗಣ ರಿಲೇಟಿವ್ಲಿ ಕಾಂಪ್ಯಾಕ್ಟ್. ಅಂಚು ತುಂಬಿದರೆ ಸಾಕು, ಬೇರೇನೂ ಕೊರತೆಯಿಲ್ಲ ಎಂದರ್ಥ. ಅಡಕ ಗಣಗಳೂ ಈ ಗುಂಪಿಗೆ ಸೇರುತ್ತವೆ. ಅವುಗಳಿಗೆ ತುಂಬಬೇಕಾದ ಅಂಚೇ ಇರುವುದಿಲ್ಲ.

ಪ್ಯಾರಿಸ್‌ನಲ್ಲಿ ಮೊರೀಸ್ ಫ್ರೆಶೆ 1906ರಲ್ಲಿ ತಮ್ಮ ಡಾಕ್ಟರೇಟ್ ಪ್ರಬಂಧದಲ್ಲಿ ಕಾಂಪ್ಯಾಕ್ಟ್ ಎಂಬ ಪದವನ್ನು ಬಳಕೆಗೆ ತಂದಾಗ, ಗುಂಪುಬಿಂದು ಗಣದೊಳಗೇ ಇರಬೇಕೆಂದು ಅವರು ಕೇಳಿರಲಿಲ್ಲ, ಎಲ್ಲೋ ಇದ್ದರೆ ಸಾಕಿತ್ತು. ಇಂದು ನಾವು ರಿಲೇಟಿವ್ಲಿ ಕಾಂಪ್ಯಾಕ್ಟ್ ಎನ್ನುವುದಕ್ಕೆ ಅವರ ಮೂಲ ಅರ್ಥವೇ ಹತ್ತಿರ. ಮಕ್ಕಳು ಇದನ್ನು ಅಡಕತನದ ಬಡ ತಮ್ಮನಂತೆ ನೋಡುವಾಗ ನನಗೆ ಬೇಸರವಾಗುತ್ತದೆ. ಹುಟ್ಟಿನಲ್ಲಿ ಇದೇ ಅಣ್ಣ.

## ‘ರಿಲೇಟಿವ್’ ಎಂದರೆ ಯಾವುದಕ್ಕೆ?

ಸುತ್ತಲಿನ ಅವಕಾಶಕ್ಕೆ, ಅಂದರೆ ಗಣವನ್ನು ಒಳಗೊಂಡಿರುವ ದೊಡ್ಡ ಪ್ರಪಂಚಕ್ಕೆ (ಇಂಗ್ಲಿಷಿನಲ್ಲಿ ಸ್ಪೇಸ್). ಅದೇ ಗಣವನ್ನು ಬೇರೆ ಅವಕಾಶದಲ್ಲಿ ಇಟ್ಟರೆ ಉತ್ತರ ಬದಲಾಗಬಹುದು.

0 ಮತ್ತು 1ರ ನಡುವಿನ ಎಲ್ಲ ಭಾಗಲಬ್ಧ ಸಂಖ್ಯೆಗಳನ್ನು, ಅಂದರೆ ಭಿನ್ನರಾಶಿಯಾಗಿ ಬರೆಯಲು ಬರುವ ಸಂಖ್ಯೆಗಳನ್ನು, ತೆಗೆದುಕೊಳ್ಳಿ. ವಾಸ್ತವ ಸಂಖ್ಯೆಗಳ ಪೂರ್ಣ ರೇಖೆಯ ಮೇಲೆ ಇದರ ಸಂವೃತಿ 0ಯಿಂದ 1ರವರೆಗಿನ ಇಡೀ ತುಂಡು, ಎರಡೂ ತುದಿ ಸೇರಿ. ಅದು ಅಡಕ. ಹಾಗಾಗಿ ಇಲ್ಲಿ ನಮ್ಮ ಗಣ ರಿಲೇಟಿವ್ಲಿ ಕಾಂಪ್ಯಾಕ್ಟ್. ಈಗ ಭಾಗಲಬ್ಧ ಸಂಖ್ಯೆಗಳಷ್ಟೇ ನಮ್ಮ ಪ್ರಪಂಚ ಎಂದುಕೊಳ್ಳಿ. 0.7, 0.70, 0.707, 0.7071 ಎಂದು ಸಾಗುವ ಸಾಲು 2ರ ವರ್ಗಮೂಲದ ಅರ್ಧದ ಕಡೆಗೆ ಹೋಗುತ್ತದೆ, ಆದರೆ ಆ ಸಂಖ್ಯೆ ಈ ಪ್ರಪಂಚದಲ್ಲೇ ಇಲ್ಲ. ಅದು ಇರಬೇಕಾದಲ್ಲಿ ತೂತು ಇದೆ. ಗುಂಪುಬಿಂದು ಸಿಗುವುದಿಲ್ಲ, ಗಣ ರಿಲೇಟಿವ್ಲಿ ಕಾಂಪ್ಯಾಕ್ಟ್ ಆಗುವುದಿಲ್ಲ. ಗಣ ಅದೇ, ನೆರೆಹೊರೆ ಬದಲಾಯಿತು. ಇಂತಹ ತೂತುಗಳಿಲ್ಲದ ಅವಕಾಶವನ್ನು ಕಂಪ್ಲೀಟ್ ಎನ್ನುತ್ತಾರೆ. ಈ ಪದ ಮುಂದೆ ಬೇಕಾಗುತ್ತದೆ.

## ಕೊಡೆಗಳ ವ್ಯಾಖ್ಯೆ

ಪಠ್ಯಪುಸ್ತಕಗಳು ಹೆಚ್ಚಾಗಿ ಇನ್ನೊಂದು ವ್ಯಾಖ್ಯೆಯಿಂದ ಶುರುಮಾಡುತ್ತವೆ. ಮೊದಲ ಓದಿಗೆ ಅದು ಕಠಿಣ ಎನಿಸುವುದರಿಂದ ನಾನು ಅದನ್ನು ಇಲ್ಲಿಯವರೆಗೆ ತಡೆದಿಟ್ಟೆ.

ಆಟಿಯ ಮಳೆಯಲ್ಲಿ ಗಣದ ಪ್ರತಿ ಬಿಂದುವಿನ ಮೇಲೂ ಯಾವುದಾದರೊಂದು ಕೊಡೆ ಇರುವಂತೆ ಕೊಡೆಗಳನ್ನು ಬಿಚ್ಚಿದ್ದಾರೆ. ಕೊಡೆ ದೊಡ್ಡದಿರಬಹುದು, ಬೊಟ್ಟಿನಷ್ಟು ಸಣ್ಣದಿರಬಹುದು. ತಾನು ಮುಚ್ಚುವ ಪ್ರತಿ ಬಿಂದುವಿನ ಸುತ್ತಲೂ ಅದು ಒಂದಿಷ್ಟು ಜಾಗವನ್ನು ಮುಚ್ಚಿರಬೇಕು, ಅಷ್ಟೇ. ಹೀಗೆ ಹೇಗೇ ಬಿಚ್ಚಿದರೂ, ಅವುಗಳಲ್ಲಿ ಎಣಿಸಬಹುದಾದಷ್ಟನ್ನು ಮಾತ್ರ ಉಳಿಸಿ ಉಳಿದದ್ದನ್ನೆಲ್ಲ ಮಡಚಿದರೂ ಯಾವ ಬಿಂದುವೂ ನೆನೆಯದೆ ಇರಬೇಕು. ಅದು ಸಾಧ್ಯವಾದರೆ ಗಣ ಅಡಕ. ದ್ವೀಪದ ಒಣನೆಲದ ಮೇಲೆ ಅಂಚಿಗೆ ಹತ್ತಿರವಾದಂತೆ ಕಿರಿದಾಗುತ್ತ ಹೋಗುವ ಕೊಡೆಗಳನ್ನು ಇಟ್ಟರೆ ಎಣಿಸಬಹುದಾದಷ್ಟನ್ನು ಮಾತ್ರ ಉಳಿಸಿದ ಕೂಡಲೇ ಎಲ್ಲೋ ನೆನೆಯುತ್ತದೆ. ನೀರಂಚೂ ಗಣದಲ್ಲಿದ್ದರೆ ಅಂಚಿನ ಬಿಂದುಗಳಿಗೂ ಕೊಡೆ ಬೇಕು, ಆ ಕೊಡೆ ಒಳಗಡೆಗೂ ಒಂದಿಷ್ಟು ಚಾಚುತ್ತದೆ. ಆ ಚಾಚು ಅಂಚಿನ ಹತ್ತಿರದ ಅನಂತ ಸಣ್ಣ ಕೊಡೆಗಳನ್ನು ಅನಗತ್ಯ ಮಾಡುತ್ತದೆ. ಸಂಖ್ಯಾರೇಖೆಯ ತುಂಡುಗಳಿಗೆ ಇದನ್ನು ಎಮಿಲ್ ಬೊರೆಲ್ 1895ರಲ್ಲಿ ತೋರಿಸಿದರು. ದೂರ ಅಳೆಯಬಹುದಾದ ಅವಕಾಶಗಳಲ್ಲಿ ಕೊಡೆಯ ವ್ಯಾಖ್ಯೆಯೂ ಗುಂಪುಬಿಂದುವಿನ ವ್ಯಾಖ್ಯೆಯೂ ಒಂದೇ. ದೂರವೇ ಇಲ್ಲದ ಸಾಮಾನ್ಯ ಟೋಪಾಲಜಿಯಲ್ಲಿ ಅವೆರಡೂ ಬೇರೆಯಾಗಬಹುದು, ಅಲ್ಲಿ ಕೊಡೆಯ ವ್ಯಾಖ್ಯೆಯನ್ನೇ ಹಿಡಿಯುತ್ತಾರೆ.

## ಬೇಲಿ ಸಾಲದಾಗುವುದು ಎಲ್ಲಿ?

ರೇಖೆ, ಸಮತಲ, ನಾವು ಕುಳಿತಿದ್ದ ಶೆಡ್ಡು, ಇವುಗಳಲ್ಲೆಲ್ಲ ಅಣ್ಣನ ಮಗಳ ನಂಬಿಕೆ ಸರಿ. ಬೇಲಿಯೊಳಗಿನ ಪ್ರತಿ ಗಣವೂ ಇಲ್ಲಿ ರಿಲೇಟಿವ್ಲಿ ಕಾಂಪ್ಯಾಕ್ಟ್. ಪದವಿ ತರಗತಿಗಳಲ್ಲಿ ಈ ಪದದ ಅಗತ್ಯವೇ ಬೀಳದಿರುವುದು ಇದಕ್ಕೇ. ಇಡೀ ವಕ್ರರೇಖೆಗಳನ್ನೇ ಬಿಂದುಗಳೆಂದು ತಿಳಿಯುವ ಫಂಕ್ಷನಲ್ ಅನಾಲಿಸಿಸ್‌ನಲ್ಲಿ ಆಯಾಮಗಳು ಅನಂತವಾಗುತ್ತವೆ, ಆಗ ಬೇಲಿ ಕೈಕೊಡುತ್ತದೆ.

ಶೆಡ್ಡಿನ ಒಂದು ಮೂಲೆಯಲ್ಲಿ ನಿಂತರೆ ಒಂದಕ್ಕೊಂದು ಲಂಬವಾದ ಮೂರು ದಿಕ್ಕುಗಳಿವೆ: ಎರಡು ಗೋಡೆಗಳ ಬುಡಗಳು, ಒಂದು ಕಂಬ. ಪ್ರತಿ ದಿಕ್ಕಿನಲ್ಲೂ ಒಂದು ಮೀಟರ್ ದೂರಕ್ಕೆ ಒಂದು ಮೊಳೆ ಹೊಡೆಯಿರಿ. ಎಲ್ಲ ಮೊಳೆಗಳೂ ಮೂಲೆಯಿಂದ ಒಂದೇ ಮೀಟರ್ ದೂರ. ಯಾವುದೇ ಎರಡು ಮೊಳೆಗಳ ನಡುವಿನ ದೂರ √2 ಮೀಟರ್, ಸುಮಾರು 1.414. ಲಂಬ ದಿಕ್ಕುಗಳು ಹತ್ತಿದ್ದರೆ ಹತ್ತು ಮೊಳೆ, ನೂರಿದ್ದರೆ ನೂರು. ಅನಂತ ಇದ್ದರೆ ಅನಂತ ಮೊಳೆಗಳು, ಎಲ್ಲವೂ ಒಂದು ಮೀಟರಿನ ಬೇಲಿಯೊಳಗೇ, ಆದರೂ ಪ್ರತಿಯೊಂದೂ ಉಳಿದೆಲ್ಲದರಿಂದ 1.414 ಮೀಟರ್ ದೂರ. ಎಲ್ಲಿ ಕಿಕ್ಕಿರಿಯಬೇಕು ಅವು? ಗುಂಪುಬಿಂದುವೇ ಇಲ್ಲ. ಹಂಗೇರಿಯ ಫ್ರಿಜೆಶ್ ರೀಸ್ 1918ರಲ್ಲಿ ಇದನ್ನು ಪೂರ್ತಿಯಾಗಿ ತೀರ್ಮಾನಿಸಿದರು: ಉದ್ದಕ್ಕೆ ಅಳತೆಯಿರುವ ಸದಿಶ ಅವಕಾಶದಲ್ಲಿ, ಅಂದರೆ ಬಿಂದುಗಳನ್ನು ಕೂಡಿಸಲು, ಹಿಗ್ಗಿಸಲು ಬರುವ ಅವಕಾಶದಲ್ಲಿ, ಒಂದು ಮೀಟರಿನ ಗೋಲ ಅಡಕವಾಗುವುದು ಆಯಾಮಗಳು ಎಣಿಕೆಗೆ ಸಿಕ್ಕಾಗ ಮಾತ್ರ.

ಅನಂತ ಆಯಾಮದ ಅವಕಾಶ ಯಾವುದೋ ದೂರದ ಕಲ್ಪನೆಯಲ್ಲ. ಪಣಂಬೂರಿನಲ್ಲಿ ಒಂದು ದಿನದ ಉಬ್ಬರ ಇಳಿತವನ್ನು ಗ್ರಾಫ್ ಕಾಗದದ ಮೇಲೆ ಬರೆದರೆ ಒಂದು ವಕ್ರರೇಖೆ ಸಿಗುತ್ತದೆ. ಆ ಇಡೀ ರೇಖೆಯನ್ನೇ ಒಂದು ಬಿಂದು ಎಂದು ತಿಳಿಯಿರಿ. ನಾಳೆಯ ರೇಖೆ ಇನ್ನೊಂದು ಬಿಂದು. ಎರಡರ ನಡುವಿನ ದೂರ ಎಂದರೆ, ದಿನದ ಯಾವುದೇ ಕ್ಷಣದಲ್ಲಿ ಅವು ಅತಿ ಹೆಚ್ಚು ಎಷ್ಟು ಅಗಲುತ್ತವೋ ಅಷ್ಟು. ಇಂತಹ ಎಲ್ಲ ರೇಖೆಗಳೂ ಸೇರಿದ ಅವಕಾಶಕ್ಕೆ ಅನಂತ ಆಯಾಮಗಳಿವೆ.

ಇಲ್ಲಿ ಬೇಲಿ ಸೋಲುವುದನ್ನು ಕಾಗದ ಪೆನ್ಸಿಲ್ ಹಿಡಿದೇ ನೋಡಬಹುದು. 0 ಮತ್ತು 1ರ ನಡುವಿನ ಸಂಖ್ಯೆಗೆ ಅದನ್ನೇ ಕೊಡುವುದು ಮೊದಲ ರೇಖೆ. ವರ್ಗ ಕೊಡುವುದು ಎರಡನೆಯದು. ನಾಲ್ಕನೇ ಘಾತ, ಎಂಟನೇ ಘಾತ, ಹದಿನಾರನೇ ಘಾತ, ಹೀಗೆ. ಎಲ್ಲವೂ 0 ಮತ್ತು 1ರ ನಡುವೆಯೇ ಇವೆ. ಒಂದು ರೇಖೆಯ ಎತ್ತರ 1/2 ಇರುವಲ್ಲಿ ಮುಂದಿನ ರೇಖೆಯ ಎತ್ತರ 1/4, ಅದರ ಮುಂದಿನವು ಇನ್ನೂ ಕೆಳಗೆ. ಅಂದರೆ ಯಾವುದೇ ಎರಡು ರೇಖೆಗಳು ಎಲ್ಲೋ ಒಂದು ಕಡೆ ಕನಿಷ್ಠ 1/4ರಷ್ಟು ಅಗಲಿರುತ್ತವೆ. ಬೇಲಿಯೊಳಗೆ ಇದ್ದೂ ಅವು ಎಂದಿಗೂ ಗುಂಪುಗೂಡುವುದಿಲ್ಲ.

## ಬಲೆಯ ಕಣ್ಣು, ಗಂಟಿನ ಲೆಕ್ಕ

ಹಾಗಾದರೆ ಬೇಲಿಯ ಬದಲು ಏನನ್ನು ಕೇಳಬೇಕು? ನಾನು ಅಣ್ಣನ ತೊಡೆಯ ಮೇಲಿದ್ದ ಬಲೆಯನ್ನೇ ತೋರಿಸಿದೆ. ಗಣಿತದಲ್ಲೂ ಇದರ ಹೆಸರು ಬಲೆಯೇ, ಎಪ್ಸಿಲಾನ್ ಬಲೆ. ಎಪ್ಸಿಲಾನ್ ಎಂಬ ಗ್ರೀಕ್ ಅಕ್ಷರ ಕಣ್ಣಿನ ಅಳತೆಯನ್ನು ಸೂಚಿಸುತ್ತದೆ.

ನಿಯಮ ಇಷ್ಟು: ಒಂದು ಅಳತೆ ಹೇಳಿ. ಎಣಿಸಬಹುದಾದಷ್ಟು ಗಂಟುಗಳನ್ನು ಇಟ್ಟು, ಗಣದ ಪ್ರತಿ ಬಿಂದುವೂ ಯಾವುದಾದರೊಂದು ಗಂಟಿನಿಂದ ಆ ಅಳತೆಯೊಳಗೇ ಇರುವಂತೆ ಮಾಡಲು ಬರಬೇಕು. ಒಂದು ಅಳತೆಗೆ ಬಂದರೆ ಸಾಲದು, ನೀವು ಎಷ್ಟೇ ಸಣ್ಣ ಅಳತೆ ಹೇಳಿದರೂ ಬರಬೇಕು. ಇಂತಹ ಗಣವನ್ನು ಟೋಟಲಿ ಬೌಂಡೆಡ್ ಎನ್ನುತ್ತಾರೆ. ತೂತಿಲ್ಲದ ಅವಕಾಶದಲ್ಲಿ ಗಣವೊಂದು ರಿಲೇಟಿವ್ಲಿ ಕಾಂಪ್ಯಾಕ್ಟ್ ಆಗಿರುವುದೂ ಟೋಟಲಿ ಬೌಂಡೆಡ್ ಆಗಿರುವುದೂ ಒಂದೇ. ತೂತುಗಳಿದ್ದರೆ ಈ ಮಾತು ಸರಿಯಾಗುವುದಿಲ್ಲ; ಭಾಗಲಬ್ಧ ಸಂಖ್ಯೆಗಳ ಪ್ರಪಂಚದಲ್ಲಿ ನೋಡಿದೆವಲ್ಲ, ಬಲೆ ಹಾಕಬಹುದು, ಗುಂಪುಬಿಂದು ಮಾತ್ರ ತೂತಿನಲ್ಲಿ ಜಾರಿಹೋಗುತ್ತದೆ.

“ಕಣ್ಣು ಅರ್ಧ ಮಾಡಿದರೆ ಗಂಟು ಎಷ್ಟು ಹೆಚ್ಚಾಗುತ್ತದೆ ಎಂದು ನನಗೆ ಗೊತ್ತು” ಎಂದ ಅಣ್ಣ. ಹತ್ತು ಮೀಟರ್ ಉದ್ದ, ಹತ್ತು ಮೀಟರ್ ಅಗಲದ ಬಲೆಯಲ್ಲಿ ಕಣ್ಣು 5 ಸೆಂಟಿಮೀಟರಿನ ಚೌಕವಾದರೆ 200 ಸಲ 200, ಅಂದರೆ 40,000 ಕಣ್ಣುಗಳು. 2.5 ಸೆಂಟಿಮೀಟರಿಗೆ ಇಳಿಸಿದರೆ 1,60,000, ನಾಲ್ಕು ಪಟ್ಟು. ಬಲೆ ಚಪ್ಪಟೆಯಾಗಿರದೆ ಪೆಟ್ಟಿಗೆಯಂತೆ ಮೂರು ಆಯಾಮಗಳಲ್ಲಿ ತುಂಬಿದ್ದರೆ ಎಂಟು ಪಟ್ಟು. ಹತ್ತು ಆಯಾಮಗಳಿದ್ದರೆ 1,024 ಪಟ್ಟು. ಪ್ರತಿ ಆಯಾಮವೂ ಲೆಕ್ಕವನ್ನು ಇಮ್ಮಡಿಸುತ್ತದೆ. ಆಯಾಮಗಳಿಗೆ ಕೊನೆಯಿಲ್ಲದಿದ್ದರೆ ಗೋಲವನ್ನು ಹಿಡಿಯುವ ಗಂಟುಗಳಿಗೂ ಕೊನೆಯಿಲ್ಲ. ಅರ್ಧ ಮೀಟರಿನ ಅಳತೆ ಇಟ್ಟರೂ ಒಂದು ಗಂಟಿನ ವ್ಯಾಪ್ತಿಯಲ್ಲಿರುವ ಎರಡು ಬಿಂದುಗಳ ದೂರ ಒಂದು ಮೀಟರ್ ಮೀರುವುದಿಲ್ಲ, ನಮ್ಮ ಮೊಳೆಗಳ ನಡುವೆ 1.414 ಮೀಟರ್ ಇದೆ. ಮೊಳೆಗೊಂದು ಗಂಟು ಬೇಕಾಗುತ್ತದೆ.

ಹಾಗಾಗಿ ಅನಂತ ಆಯಾಮದಲ್ಲಿ ರಿಲೇಟಿವ್ಲಿ ಕಾಂಪ್ಯಾಕ್ಟ್ ಗಣ ಎಂದರೆ ಬಹಳ ತೆಳುವಾದದ್ದು. ಎಷ್ಟೇ ಚಿಕ್ಕ ಗೋಲವನ್ನೂ ಅದು ಪೂರ್ತಿಯಾಗಿ ಒಳಗೊಳ್ಳಲಾರದು.

## ವೇಗಕ್ಕೆ ಮಿತಿ ಹಾಕಿದರೆ

ವಕ್ರರೇಖೆಗಳ ಗುಂಪೊಂದು ಹಾಗೆ ತೆಳುವಾಗಿದೆ ಎಂದು ಗುರುತಿಸುವುದು ಹೇಗೆ? ಇಟಲಿಯ ಜೂಲಿಯೊ ಅಸ್ಕೋಲಿ 1880ರ ದಶಕದಲ್ಲಿಯೂ ಚೆಸಾರೆ ಅರ್ಜೆಲಾ 1895ರಲ್ಲಿಯೂ ಕೊಟ್ಟ ಉತ್ತರ ಇಂದಿಗೂ ಕೈಗೆ ಬರುವ ಮೊದಲ ಆಯುಧ: ರೇಖೆಗಳು ಬೇಲಿಯೊಳಗಿರಲಿ, ಜೊತೆಗೆ ಎಲ್ಲವೂ ಒಂದೇ ಶಿಸ್ತಿನಿಂದ ಏರಿಳಿಯಲಿ. ಸಮಯ ಸ್ವಲ್ಪವೇ ಸರಿದರೆ ಎತ್ತರವೂ ಸ್ವಲ್ಪವೇ ಬದಲಾಗಬೇಕು, ಆ ‘ಸ್ವಲ್ಪ’ ಗುಂಪಿನ ಎಲ್ಲ ರೇಖೆಗಳಿಗೂ ಒಂದೇ ಆಗಿರಬೇಕು. ಇದಕ್ಕೆ ಈಕ್ವಿಕಂಟಿನ್ಯೂಟಿ ಎಂದು ಹೆಸರು.

ಉಬ್ಬರದ ಉದಾಹರಣೆಯಲ್ಲೇ ಲೆಕ್ಕ ಹಾಕೋಣ. ನೀರಿನ ಮಟ್ಟ 0ಯಿಂದ 2 ಮೀಟರಿನೊಳಗೆ ಇರುತ್ತದೆ, ಗಂಟೆಗೆ ಅರ್ಧ ಮೀಟರಿಗಿಂತ ವೇಗವಾಗಿ ಬದಲಾಗುವುದಿಲ್ಲ ಎಂದು ಇಟ್ಟುಕೊಳ್ಳಿ. ಎತ್ತರವನ್ನು ಅರ್ಧ ಮೀಟರಿನ ನಾಲ್ಕು ಪಟ್ಟಿಗಳಾಗಿ ಭಾಗ ಮಾಡಿ. ಪ್ರತಿ ಗಂಟೆಗೂ ನೀರು ಯಾವ ಪಟ್ಟಿಯಲ್ಲಿದೆ ಎಂದು ಬರೆದಿಡಿ. ನಡುರಾತ್ರಿಯಿಂದ ನಡುರಾತ್ರಿಗೆ 25 ನಮೂದುಗಳು. ಇಂತಹ ದಾಖಲೆಗಳು ಒಟ್ಟು ಎಷ್ಟು ಬಗೆ? ಹೆಚ್ಚೆಂದರೆ 4ನ್ನು 25 ಸಲ ಗುಣಿಸಿದಷ್ಟು, ಸುಮಾರು 1,126 ಲಕ್ಷ ಕೋಟಿ. ಭಾರೀ ಸಂಖ್ಯೆ, ಆದರೆ ಅದಕ್ಕೆ ಕೊನೆಯಿದೆ. ಒಂದೇ ದಾಖಲೆಯ ಎರಡು ರೇಖೆಗಳು ಗಂಟೆ ಹೊಡೆಯುವಾಗ ಅರ್ಧ ಮೀಟರಿಗಿಂತ ಹೆಚ್ಚು ಅಗಲಿರುವುದಿಲ್ಲ. ನಡುವಿನ ಯಾವ ಕ್ಷಣವೂ ಹತ್ತಿರದ ಗಂಟೆಯಿಂದ ಅರ್ಧ ಗಂಟೆಗಿಂತ ದೂರವಿಲ್ಲ, ಅಷ್ಟರಲ್ಲಿ ಪ್ರತಿ ರೇಖೆಯೂ ಕಾಲು ಮೀಟರ್ ಸರಿಯಬಹುದು. ಒಟ್ಟು ಒಂದು ಮೀಟರ್, ಅದಕ್ಕಿಂತ ಹೆಚ್ಚಿಲ್ಲ. ಪ್ರತಿ ದಾಖಲೆಯಿಂದ ಒಂದೊಂದು ರೇಖೆಯನ್ನು ಆರಿಸಿಕೊಂಡರೆ ಅವೇ ನಮ್ಮ ಗಂಟುಗಳು. ಕಣ್ಣು ಇನ್ನೂ ಸಣ್ಣದು ಬೇಕೆಂದರೆ ನಿಮಿಷಕ್ಕೊಮ್ಮೆ ಬರೆದಿಡಿ, ಪಟ್ಟಿಗಳನ್ನು ಕಿರಿದು ಮಾಡಿ. ಗಂಟುಗಳು ಹೆಚ್ಚುತ್ತವೆ, ಅನಂತವಾಗುವುದಿಲ್ಲ.

ಘಾತಗಳ ರೇಖೆಗಳು ಸೋತದ್ದು ಈ ಶಿಸ್ತು ಇಲ್ಲದೆ. 1ರ ಹತ್ತಿರ ಅವು ಒಂದಕ್ಕಿಂತ ಒಂದು ಕಡಿದಾಗಿ ಏರುತ್ತವೆ, ಎಲ್ಲವಕ್ಕೂ ಒಪ್ಪುವ ವೇಗದ ಮಿತಿಯೇ ಇಲ್ಲ.

## ಇದರಿಂದ ಏನು ಸಿಗುತ್ತದೆ?

ಉತ್ತರ ಇದೆಯೇ ಎಂಬ ಭರವಸೆ. ಒಂದು ಸಮೀಕರಣದ ನಿಖರ ಉತ್ತರ ಕೈಗೆ ಸಿಗದಿದ್ದಾಗ ಅಂದಾಜು ಉತ್ತರಗಳ ಸಾಲನ್ನು ಕಟ್ಟುತ್ತೇವೆ. ಆ ಸಾಲು ರಿಲೇಟಿವ್ಲಿ ಕಾಂಪ್ಯಾಕ್ಟ್ ಎಂದು ತೋರಿಸಿದರೆ ಅದರ ಒಂದು ಭಾಗ ಎಲ್ಲೋ ಒಂದು ಕಡೆ ನೆಲೆಗೊಳ್ಳಲೇಬೇಕು, ಆ ನೆಲೆಯೇ ಉತ್ತರವೆಂದು ಪರೀಕ್ಷಿಸುವುದು ಮಾತ್ರ ಉಳಿಯುತ್ತದೆ. ಅಂದಾಜುಗಳು ಮುರುಕು ಗೆರೆಗಳಾಗಿರಬಹುದು, ಉತ್ತರ ನಯವಾದ ವಕ್ರರೇಖೆಯಾಗಿರಬಹುದು. ಗುಂಪುಬಿಂದು ಗಣದ ಹೊರಗಿದ್ದರೂ ಪರವಾಗಿಲ್ಲ ಎಂಬ ರಿಯಾಯಿತಿ ಬೇಕಾಗುವುದು ಇಲ್ಲೇ. ಒಂದು ಬಗೆಯ ಅವಕಲ ಸಮೀಕರಣಗಳಿಗೆ (ಬದಲಾವಣೆಯ ವೇಗವನ್ನು ಹೇಳುವ ಸಮೀಕರಣಗಳಿಗೆ) ಉತ್ತರವಿದೆ ಎಂಬ ಜುಸೆಪ್ಪೆ ಪೆಯಾನೊ ಅವರ ಪ್ರಮೇಯವನ್ನು ಇಂದು ತರಗತಿಗಳಲ್ಲಿ ಸಾಧಿಸುವುದು ಈ ದಾರಿಯಲ್ಲೇ.

ಇನ್ನೊಂದು ಉಪಯೋಗಕ್ಕೆ ಶೆಡ್ಡಿನ ಹೊರಗೆ ಸುರಿಯುತ್ತಿದ್ದ ಮಳೆಯೇ ಸಾಕಾಯಿತು. ಮಳೆಯ ಬಿರುಸು ಕ್ಷಣಕ್ಷಣಕ್ಕೂ ಹೇಗೆ ಬೇಕಾದರೂ ಜಿಗಿಯಬಹುದು. ಆದರೆ ಗಂಟೆಗೆ 100 ಮಿಲಿಮೀಟರ್ ದಾಟುವುದಿಲ್ಲ ಎಂದುಕೊಂಡರೆ, ಬೆಳಗಿನಿಂದ ಒಟ್ಟು ಎಷ್ಟು ಸುರಿಯಿತು ಎಂಬ ರೇಖೆ ಗಂಟೆಗೆ 100 ಮಿಲಿಮೀಟರಿಗಿಂತ ವೇಗವಾಗಿ ಏರಲಾರದು. ಬಿರುಸಿನ ರೇಖೆಗಳಿಗೆ ಬೇಲಿ ಮಾತ್ರ ಇತ್ತು, ಒಟ್ಟು ಮಳೆಯ ರೇಖೆಗಳಿಗೆ ಶಿಸ್ತು ಬಂತು. ಹೀಗೆ ಬೇಲಿಯೊಳಗಿನ ಪ್ರತಿ ಗಣವನ್ನೂ ರಿಲೇಟಿವ್ಲಿ ಕಾಂಪ್ಯಾಕ್ಟ್ ಗಣವಾಗಿ ಬದಲಿಸುವ ರೇಖೀಯ (ಲೀನಿಯರ್) ಕ್ರಿಯೆಗಳಿಗೆ ಕಾಂಪ್ಯಾಕ್ಟ್ ಆಪರೇಟರ್ ಎನ್ನುತ್ತಾರೆ. ರೀಸ್ ಅವರ 1918ರ ಲೇಖನದ ಮುಖ್ಯ ವಿಷಯವೇ ಇವು. ಯಕ್ಷಗಾನದ ಚೆಂಡೆಯ ಚರ್ಮದಂತೆ ಅಂಚು ಬಿಗಿದ ಪೊರೆಗೆ ಬಿಡಿಬಿಡಿಯಾದ ಸ್ವಂತ ಕಂಪನಾಂಕಗಳ ಪಟ್ಟಿಯೊಂದು ಏಕೆ ಇರುತ್ತದೆ ಎಂಬುದರ ಗಣಿತವೂ ಇಂತಹ ಆಪರೇಟರ್‌ಗಳ ಮೇಲೆ ನಿಂತಿದೆ.

ಮಾತು ಮುಗಿಸುವ ಮೊದಲು ಅವಳಿಗೆ ಒಂದು ಲೆಕ್ಕ ಕೊಟ್ಟೆ. ಒಂದೇ ಅಗಲದ ಜಾಗದಲ್ಲಿ ಒಂದು ಸೈನ್ ಅಲೆ, ಎರಡು ಅಲೆ, ಮೂರು ಅಲೆ, ಹೀಗೆ ಬರೆಯುತ್ತ ಹೋಗು, ಎಲ್ಲದರ ಎತ್ತರವೂ 1. ಇವುಗಳ ಗಣ ರಿಲೇಟಿವ್ಲಿ ಕಾಂಪ್ಯಾಕ್ಟ್ ಹೌದೇ? ಅವಳು ತಲೆಯಾಡಿಸಿ “ಇಲ್ಲ, ಅಲೆ ಹೆಚ್ಚಾದಂತೆ ಏರು ಕಡಿದಾಗುತ್ತದೆ, ಯಾವ ಎರಡೂ ಹತ್ತಿರ ಬರುವುದಿಲ್ಲ” ಎಂದಳು. ಎರಡು ಅಲೆಗಳಿದ್ದರೆ ಎತ್ತರ 1/2, ಮೂರಿದ್ದರೆ 1/3 ಎಂದು ತಗ್ಗಿಸಿದರೆ? ಸ್ವಲ್ಪ ಹೊತ್ತು ಗೀಚಿದಳು. ಈಗ ಎಲ್ಲ ಅಲೆಗಳ ಅತಿ ಕಡಿದಾದ ಏರು ಒಂದೇ, ಹಾಗಾಗಿ ಹೌದು. ಆದರೆ ಗಣ ಅಡಕವಲ್ಲ: ಅಲೆಗಳು ತಗ್ಗುತ್ತ ತಗ್ಗುತ್ತ ಹೋಗಿ ಸೇರುವ ಚಪ್ಪಟೆ ಗೆರೆ ಪಟ್ಟಿಯಲ್ಲಿ ಇಲ್ಲ. ಪುಟದ ಕೊನೆಯಲ್ಲಿ ಅವಳು ಅಳತೆಪಟ್ಟಿ ಇಟ್ಟು ಒಂದು ನೇರ ಗೆರೆ ಎಳೆದಳು, ಪಕ್ಕದಲ್ಲಿ “ಇದೊಂದನ್ನು ಸೇರಿಸಬೇಕು” ಎಂದು ಬರೆದಳು.